ಮಡಚಿ ಹೊಡೆದ ಮೊಳೆ

ಸೋಂಕು ಹಬ್ಬಿದ ವರ್ಷ ಬೀದಿಯ ಬಾಯಿಗೆ ತಗಡು ಹೊಡೆಯುವ ಕೆಲಸವನ್ನು ನಗರಸಭೆಯವರು ಬಡಗಿಗೆ ಕೊಟ್ಟರು. ಅವನ ಮನೆಯೂ ಅದೇ ಬೀದಿಯಲ್ಲಿ, ಇನ್ನೊಂದು ತುದಿಯಲ್ಲಿ ಗೋಡೆ, ಬೇರೆ ದಾರಿಯಿಲ್ಲ. ಕೆಲಸದಲ್ಲಿ ಅವನದು ಎತ್ತಿದ ಕೈ. ಮೊಳೆಯ ತುದಿ ಮಕ್ಕಳಿಗೆ ಚುಚ್ಚಬಾರದೆಂದು ಪ್ರತಿಯೊಂದನ್ನೂ ಮರದ ಚೌಕಟ್ಟಿನ ಹಿಂದೆ ಮಡಚಿ ಬಡಿಯುವುದು ಅವನ ರೂಢಿ. ಹಾಗೆ ಬಡಿದ ಮೊಳೆ ಜಪ್ಪಯ್ಯ ಅಂದರೂ ಕಿತ್ತು ಬರುವುದಿಲ್ಲ.

"ಇಲಿ ಹಿಡಿದ ಹಾಗೆ ಹಿಡಿದ್ಬಿಟ್ಟೆಯಲ್ಲೋ ನಮ್ಮನ್ನ," ಎಂದು ಎದುರುಮನೆಯ ಅತ್ತೆ ಕಿಟಕಿಯಿಂದಲೇ ಬೈದಳು.

"ನಾನೂ ಬೋನಿನೊಳಗೇ ಇದ್ದೀನಲ್ಲ ಅತ್ತೆ," ಎಂದು ಅವನು ನಕ್ಕ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಅವನ ಅಪ್ಪ ಎದೆ ಹಿಡಿದುಕೊಂಡು ಕುಸಿದರು. ಆಂಬ್ಯುಲೆನ್ಸ್ ಬಂದು ತಗಡಿನ ಆಚೆ ನಿಂತಿತು. ಬಡಗಿ ತಾನೇ ಹೊಡೆದ ಮೊಳೆಗಳನ್ನು ಮೀಟಿದ, ಶಪಿಸಿದ, ಬೆರಳು ಸೀಳಿಕೊಂಡ. ದಾರಿಯಾಗುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ಮಾರನೆಯ ದಿನ ತಗಡನ್ನು ಮತ್ತೆ ಹೊಡೆಯಬೇಕಾಯಿತು. ಹೊಡೆದವನೂ ಅವನೇ.

ಸೋಂಕು ಇಳಿದ ಮೇಲೆ ಅಧಿಕಾರಿ ಬಂದು ಅವನ ಬೆನ್ನು ತಟ್ಟಿದರು. "ಪಕ್ಕದ ಬೀದಿ ಮುಚ್ಚಿರ್ಲಿಲ್ಲ, ಅಲ್ಲಿ ಮನೆಮನೇಲೂ ಸಾವು. ಇಲ್ಲಿ ಸೋಂಕಿಗೆ ಒಬ್ರೂ ಹೋಗಿಲ್ಲ. ನಿನ್ನ ತಗಡೇ ಕಾಪಾಡಿದ್ದು ಕಣಪ್ಪ."

ಬಡಗಿ ಬೀದಿಯತ್ತ ನೋಡಿದ. ಅತ್ತೆ, ಅವಳ ಮೊಮ್ಮಕ್ಕಳು ಗುಂಡುಕಲ್ಲಿನ ಹಾಗೆ ಎದುರಿಗೇ ನಿಂತಿದ್ದರು. ಅವನ ಮನೆಯ ಬಾಗಿಲ ಬಳಿ ಅಪ್ಪನ ಕುರ್ಚಿ ಮಾತ್ರ ಖಾಲಿಯಿತ್ತು.

"ಇನ್ನೊಂದ್ಸಲ ಬಂದ್ರೂ ಹೀಗೇ ಮುಚ್ತೀಯಲ್ಲ?"

"ಮುಚ್ತೀನಿ ಸಾರ್," ಎಂದ ಬಡಗಿ. "ಬಾಗಿಲು ಇಟ್ಟು ಮುಚ್ತೀನಿ."