ಫರಸಿ ಉಸ್ತಾದರ ಮೂರು ಉಳಿ

ನಾನು ಶಹಾಬಾದದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗಿನ ಮಾತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲಿನ ಪದರು ಎಬ್ಬಿಸುವ ಉಸ್ತಾದರಾಗಿದ್ದ ಮಸ್ತಾನಸಾಬರಿಗೆ ಹೊಟ್ಟೆಯ ಕ್ಯಾನ್ಸರ್ ಬಲಿತುಬಿಟ್ಟಿತ್ತು. ಡಾಕ್ಟರು ಬರೆದ ಮೂರು ಇಂಜೆಕ್ಷನ್ ನೋಡಿದ್ದೇ ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ಒಂದರಾಗ ದಮ್ ಇಲ್ಲಂತ ಮೂರು ಕೂಡಿಸೀರೇನ್ರಿ ಸಿಸ್ಟರ್?”

“ಒಂದನ್ನೇ ಜೋರಾಗಿ ಕೊಟ್ರ ಗಂಟಿಗಿಂತ ಮೊದಲ ನೀವೇ ಸೋಲ್ತೀರಿ. ಮೂರೂ ಬ್ಯಾರೆ ಬ್ಯಾರೆ ಕಡೆಯಿಂದ ಕೆಲಸ ಮಾಡ್ತಾವ. ಗಂಟು ಪೂರಾ ಹೋಗ್ತದಂತ ಸುಳ್ಳು ಹೇಳಂಗಿಲ್ಲ. ಹಸಿವಿ ತಿರುಗಿ ಬರಬಹುದು,” ಅಂದೆ.

ಅವರು ಅಂಗಿಯ ತೋಳು ಮೇಲೇರಿಸಿ ಕೈ ಚಾಚಿದರು.

ಮೂರನೆಯ ಸಲ ಬಂದಾಗ ಎರಡು ಜೋಳದ ರೊಟ್ಟಿ ತಿಂದು ಬಂದಿದ್ದರು. ಪಕ್ಕದ ಮಂಚದ ಹೊಸ ರೋಗಿ, ಮೂರು ಇಂಜೆಕ್ಷನ್ ಯಾಕೆಂದು ನನ್ನನ್ನು ಅದೇ ಪ್ರಶ್ನೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಸ್ತಾನಸಾಬರು ಎದ್ದು ಕುಂತರು.

“ಒಂದೇ ಉಳಿ ಇಟ್ಟು ಜೋರು ಬಡದ್ರ ಫರಸಿ ಚೂರಾಗ್ತದ ತಮ್ಮಾ. ಮೂರು ಕಡೆ ಉಳಿ ಇಟ್ಟು ಹಗೂರಕ ಬಡೀಬೇಕು. ಆಗ ಪದರು ತಾನ ಏಳ್ತದ.”

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ನನ್ನ ಕಡೆ ನೋಡಿ, “ಇವರಿಗೆ ಭಾಳ ಚಂದ ತಿಳಿಸಿ ಹೇಳೀರಿ ಸಿಸ್ಟರ್,” ಅಂದರು.

“ಅವರೇನ್ ಹೇಳ್ತಾರ್ರಿ,” ಅಂದರು ಮಸ್ತಾನಸಾಬರು. “ಅವರಿಗೇ ನಾ ಕಲಿಸಲಿಕತ್ತೀನಿ.”

ಅಂದಿನಿಂದ ಹೊಸ ರೋಗಿಗಳಿಗೆಲ್ಲ ನಾನು ಉಸ್ತಾದರ ಉಳಿಯ ಮಾತನ್ನೇ ಹೇಳತೊಡಗಿದೆ. ಅವರು ಇಂಜೆಕ್ಷನ್ನಿಗೆ ಬಂದ ದಿನ ಅವರ ಹೆಸರು ಹೇಳುವುದನ್ನು ಮರೆತರೆ, ಅವರ ಮಂಚದಿಂದ ಜೋರಾಗಿ ಕೆಮ್ಮು ಕೇಳುತ್ತಿತ್ತು.