ಪಾಠ ಮಾಡದ ಟೀಚರ್

ಆರನೇ ತರಗತಿಯ ಗಣಿತದ ಟೀಚರ್ ಶಾಲೆಯಲ್ಲಿ ಪಾಠವನ್ನೇ ಮಾಡುತ್ತಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಮೊಬೈಲ್ ಒರಗಿಸಿ ಪಾಠದ ವಿಡಿಯೋ ಮಾಡಿ ಮಕ್ಕಳಿಗೆ ಕಳಿಸುತ್ತಿದ್ದರು. ಅದನ್ನು ಮನೆಯಲ್ಲೇ ನೋಡಿ ಬಂದವರಿಗೆ ತರಗತಿಯಲ್ಲಿ ಲೆಕ್ಕ ಬಿಡಿಸುವುದಷ್ಟೇ ಕೆಲಸ. "ನನ್ನ ಮಾತು ಮುಗೀತು, ಈಗ ನಿಮ್ಮ ಸರದಿ" ಎನ್ನುತ್ತ ಬೆಂಚಿನಿಂದ ಬೆಂಚಿಗೆ ಹೋಗಿ, "ಸ್ವಲ್ಪ ಸರಿಯೋ" ಎಂದು ಮಕ್ಕಳ ನಡುವೆಯೇ ತೂರಿ ಕೂರುತ್ತಿದ್ದರು. "ಸಂಬಳ ತಗೊಂಡು ಬೆಂಚು ಬಿಸಿ ಮಾಡ್ತಾರೆ" ಎಂದು ಉಳಿದ ಟೀಚರುಗಳು ನಕ್ಕರೆ ತಾವೂ ನಗುತ್ತಿದ್ದರು. ಅವರನ್ನು ಕೊರೆಯುತ್ತಿದ್ದುದು ಮಕ್ಕಳ ಮೌನ. "ಏನಾದ್ರೂ ಕೇಳ್ರೋ" ಎಂದು ಅಂಗಲಾಚಿದರೂ ಎಲ್ಲರದೂ ಒಂದೇ ಉತ್ತರ: "ಅರ್ಥ ಆಯ್ತು ಟೀಚರ್." ಲೆಕ್ಕ ಮಾತ್ರ ತಪ್ಪುತ್ತಿತ್ತು. ಒಂದು ಸಂಜೆ ಭಿನ್ನರಾಶಿಯ ವಿಡಿಯೋ ರೆಕಾರ್ಡ್ ಆಗುತ್ತಿದ್ದಾಗ, ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಡೆಯಲಾರದೆ ಕೇಳಿಬಿಟ್ಟರು: "ಅಲ್ಲಮ್ಮಾ, ಅರ್ಧಕ್ಕೆ ಅರ್ಧ ಸೇರಿಸುವಾಗ ಮೇಲಿನ ಅಂಕಿ ಕೂಡಿಸ್ತೀಯ, ಕೆಳಗಿನದು ಯಾಕೆ ಕೂಡಿಸಲ್ಲ?" ಟೀಚರ್ ತಬ್ಬಿಬ್ಬಾದರು. ನಿಯಮವನ್ನು ವರ್ಷಗಟ್ಟಲೆ ಹೇಳಿದ್ದರು, ಯಾಕೆಂದು ಯಾರೂ ಕೇಳಿರಲಿಲ್ಲ. ಕೊನೆಗೆ ಸೇಬೊಂದನ್ನು ಎರಡು ಹೋಳು ಮಾಡಿ ಮತ್ತೆ ಜೋಡಿಸಿ ತೋರಿಸಿದರು. "ಕೆಳಗಿನದೂ ಕೂಡಿಸಿದ್ರೆ ನಾಲ್ಕರಲ್ಲಿ ಎರಡು, ಅಂದ್ರೆ ಲೆಕ್ಕದಲ್ಲಿ ಬರೀ ಅರ್ಧ ಹಣ್ಣು ಬರುತ್ತೆ ಅತ್ತೆ. ಇಲ್ಲಿ ನೋಡಿದ್ರೆ ಇಡೀ ಹಣ್ಣೇ ಇದೆ!" "ಹಾಗೆ ಬಿಡಿಸಿ ಹೇಳು ಮತ್ತೆ" ಎಂದರು ಅತ್ತೆ. ಟೀಚರ್ ಆ ವಿಡಿಯೋವನ್ನು ಎಲ್ಲೂ ಕತ್ತರಿಸದೆ ಕಳಿಸಿದರು. ಮರುದಿನ ಅವರು ಒಳಗೆ ಬರುತ್ತಿದ್ದಂತೆ, ವರ್ಷವಿಡೀ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದು ನಿಂತಳು. "ಅಜ್ಜಿ ಕೇಳಿದಾಗ ನೀವು ಬೈಲೇ ಇಲ್ಲ ಟೀಚರ್," ಎಂದಳು. "ನಾನೂ ಒಂದು ಕೇಳ್ಲಾ?"