ಬಂಡೆಯ ಮೇಲಿದ್ದವರು

ಅಥವಾ ಅಪ್ಪ ಆಗ ನೀಲಿ ಅಂಗಿ ಹಾಕಿರಲೇ ಇಲ್ಲವೇನೋ. ಆ ಅಂಗಿ ಬಂದದ್ದು ಆಮೇಲೆ, ಯಾರದೋ ಮದುವೆಗೆಂದು ಹೊಲಿಸಿದ್ದು. ಆದರೂ ಅಪ್ಪ ಮೊದಲ ಸಲ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದ ಮಧ್ಯಾಹ್ನವನ್ನು ನೆನೆದಾಗಲೆಲ್ಲ ನನ್ನ ತಲೆ ಅವನಿಗೆ ಅದೇ ಅಂಗಿ ತೊಡಿಸುತ್ತದೆ, ಕಾಲರಿಗೆ ಇಸ್ತ್ರಿ ಕೂಡ ಹಾಕುತ್ತದೆ. ಆಗ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೇ ಇರಲಿಲ್ಲ. ನೆನಪಿನದು ಇದೇ ತೊಂದರೆ. ಅತಿಥಿಗಳು ಬಾಗಿಲು ತಟ್ಟುವಷ್ಟರಲ್ಲಿ ಅದು ಮುಸುರೆ ಪಾತ್ರೆ, ಹರಿದ ಚಾದರ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿ ನಗುತ್ತ ನಿಂತಿರುತ್ತದೆ. ಆದ್ದರಿಂದ ನಾನು ಹೇಳುವುದರಲ್ಲಿ ನೀವು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ನನಗೆ ತಿಳಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಸಭೆ ಎಂದರೆ ಹೈದರಾಬಾದಿನ ಸನತ್‌ನಗರದ ನಮ್ಮ ಕನ್ನಡ ಕ್ರೈಸ್ತ ಸಭೆ. ಬೀದರ ಕಡೆಯಿಂದ ಕಾರ್ಖಾನೆಗೆ, ಗಾರೆ ಕೆಲಸಕ್ಕೆ, ಕಲ್ಲು ಒಡೆಯುವುದಕ್ಕೆ ಬಂದ ಕುಟುಂಬಗಳು. ಸ್ವಂತ ದೇವಾಲಯವಿರಲಿಲ್ಲ. ತೆಲುಗಿನವರ ಆರಾಧನೆ ಮುಗಿದ ಮೇಲೆ ಅವರದೇ ದೇವಾಲಯದಲ್ಲಿ, ಅವರು ಕೂತು ಬೆಚ್ಚಗೆ ಮಾಡಿಟ್ಟ ಬೆಂಚುಗಳ ಮೇಲೆ ನಾವು ಮಧ್ಯಾಹ್ನ ಕೂಡುತ್ತಿದ್ದೆವು. ದೇವರು ಬೆಳಿಗ್ಗೆಯೆಲ್ಲ ತೆಲುಗು ಕೇಳಿ ದಣಿದಿರುತ್ತಾನೆ, ನಮ್ಮ ಪಾಳಿ ಬರುವ ಹೊತ್ತಿಗೆ ತೂಕಡಿಸುತ್ತಾನೆ ಎಂದು ಅವ್ವ ಹೇಳುತ್ತಿದ್ದಳು.

ಪಾದ್ರಿ ಅಯ್ಯನವರ ಪ್ರಸಂಗಕ್ಕೆ ಮೊದಲು ಸಾಕ್ಷಿ. ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಯಾರಾದರೂ ಒಬ್ಬರು ಎದ್ದು ದೇವರು ತಮ್ಮ ಬಾಳಿನಲ್ಲಿ ಮಾಡಿದ ಕಾರ್ಯವನ್ನು ಎಲ್ಲರೆದುರು ಹೇಳಬೇಕು. ಅದಕ್ಕೊಂದು ಅಚ್ಚು ಇದೆ. ಮೊದಲು ಕತ್ತಲೆ, ನಡುವೆ ಒಂದು ತಿರುವು, ಆಮೇಲೆ ಬೆಳಕು. ಕೋರ್ಟಿನಲ್ಲಿ ಸಾಕ್ಷಿ ಹೇಳಿದವನಿಗೆ ಪಾಟೀಸವಾಲು ಕಾದಿರುತ್ತದೆ. ನಮ್ಮಲ್ಲಿ ಹೇಳಿ ಮುಗಿಸಿದವನಿಗೆ ಎಲ್ಲರೂ ‘ಸ್ತೋತ್ರ’ ಅನ್ನುತ್ತಾರೆ, ಅವನು ಹೋಗಿ ಕೂತುಕೊಳ್ಳುತ್ತಾನೆ. ಬದುಕು ಅಚ್ಚಿಗೆ ಹೊಂದದಿದ್ದರೆ ಬದುಕನ್ನೇ ಅಲ್ಲಲ್ಲಿ ಸ್ವಲ್ಪ ಕೆತ್ತಬೇಕು. ನಮ್ಮವರು ಕಲ್ಲನ್ನೇ ಕೆತ್ತಿದವರು, ಇದೇನು ಮಹಾ.

ಅಪ್ಪ ಮಾದಾಪುರದಲ್ಲಿ ಬಂಡೆಗೆ ತೂತು ಹಾಕುತ್ತಿದ್ದ. ಈಗ ಗಾಜಿನ ಕಚೇರಿಗಳು ನಿಂತಿರುವಲ್ಲಿ ಆಗ ಆನೆಯ ಬೆನ್ನಿನಂಥ ಬಂಡೆಗಳು ಮಲಗಿದ್ದವು. ಮಷಿನ್ ಹಿಡಿದು ತೂತು ಕೊರೆಯುವುದು, ತೂತಿಗೆ ಮದ್ದು ತುಂಬುವುದು, ಸಿಡಿಸುವುದು, ನೆಲ ಸಮ ಮಾಡಿ ಕಟ್ಟುವವರಿಗೆ ಒಪ್ಪಿಸುವುದು. ವಾರವೆಲ್ಲ ಹೀಗೆ ಬಂಡೆ ಒಡೆದವನು ಭಾನುವಾರ ಬಂದು, ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಬಗ್ಗೆ ಯೇಸು ಹೇಳಿದ ಸಾಮ್ಯಕಥೆ ಕೇಳಿ ತಲೆದೂಗುತ್ತಿದ್ದ. ಮರಳಿನ ಮೇಲೆ ಕಟ್ಟಿದವನ ಮನೆ ಮಳೆಗೆ ಬಿತ್ತು, ಬಂಡೆಯ ಮೇಲಿನದು ನಿಂತಿತು, ನಿಮ್ಮ ವಿಶ್ವಾಸದ ಅಸ್ತಿವಾರ ಯಾವುದು ನೋಡಿಕೊಳ್ಳಿ ಎಂದು ಅಯ್ಯನವರು ಬೆರಳು ತೋರಿಸುತ್ತಿದ್ದರು. ಹೈದರಾಬಾದಿನಲ್ಲಿ ಬಂಡೆಯ ಮೇಲೆ ಕಟ್ಟುವವನು ಮೊದಲು ಬಂಡೆಯನ್ನೇ ಇಲ್ಲವಾಗಿಸುತ್ತಾನೆ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಭಾನುವಾರದ ಬಂಡೆ ಬೇರೆ, ಸೋಮವಾರದ್ದು ಬೇರೆ ಎಂದುಕೊಂಡಿದ್ದನೋ ಏನೋ.

ಆ ಮಷಿನ್ನನ್ನು ಇಬ್ಬರು ಹಿಡಿಯಬೇಕು. ಅಪ್ಪನ ಜೊತೆ ಹಿಡಿಯುತ್ತಿದ್ದವನು ದಾವಿದಪ್ಪ ಕಾಕಾ. ನಮ್ಮ ಸಾಲಿನ ಕೊನೆಯ ಮನೆಯವನು, ನಮ್ಮ ಸಭೆಯವನೇ, ಮಕ್ಕಳನ್ನು ಕಂಡರೆ ಮುಖ ಊದಿಸಿ ಕಪ್ಪೆಯಂತೆ ವಟಗುಟ್ಟುತ್ತಿದ್ದವನು. ಒಂದು ಬೆಳಿಗ್ಗೆ, ಹಿಂದಿನ ದಿನ ಸಿಡಿಯದೆ ತೂತಿನಲ್ಲೇ ಉಳಿದಿದ್ದ ಮದ್ದಿಗೆ ಮಷಿನ್ನಿನ ಮೊನೆ ತಾಗಿತು. ದಾವಿದಪ್ಪ ಕಾಕಾ ಉಳಿಯಲಿಲ್ಲ. ಅಪ್ಪ ಆ ಹೊತ್ತಿಗೆ ಬಂಡೆಯ ಮೇಲಿರಲಿಲ್ಲ. ಇಷ್ಟು ಮಾತ್ರ ಎಲ್ಲರೂ ಒಪ್ಪುವ ಸಂಗತಿ.

ಉಳಿದದ್ದು ಅಪ್ಪನ ಸಾಕ್ಷಿ. “ಒಳಗಿಂದ ಒಂದು ಧ್ವನಿ ಬಂತ್ರಿ, ಇಳಿ, ಪ್ರಾರ್ಥನಾ ಮಾಡು ಅಂತ. ನಾ ಇಳದೆ. ಬೇವಿನ ಗಿಡದ ಕೆಳಗ ಮೊಣಕಾಲೂರಿದೆ. ಆಮೆನ್ ಅಂದೆ, ಬಂಡೆ ಸಿಡೀತು.” ಸ್ತೋತ್ರ, ಸ್ತೋತ್ರ ಎಂದು ಸಭೆ ಗದ್ಗದವಾಯಿತು.

ಸಾಕ್ಷಿ ಬೆಳೆಯುವ ವಸ್ತು. ಒಂದು ವರ್ಷ ಬೇವು ಹುಣಸೆಯಾಯಿತು. ಇನ್ನೊಂದು ವರ್ಷ ಮೋಡವಿಲ್ಲದ ಆಕಾಶದಿಂದ ತಣ್ಣನೆ ಗಾಳಿ ಬೀಸಿತು. ಇವೆಲ್ಲ ನಿರಪಾಯಕಾರಿ ಒಗ್ಗರಣೆ. ಆದರೆ ಯಾವಾಗಲೋ ಒಂದು ಮಾತು ಬಂದು ಸೇರಿಕೊಂಡಿತು. “ದಾವಿದಪ್ಪಗೂ ಕರದೆ, ಬಾರಪಾ, ಪ್ರಾರ್ಥನಾ ಮಾಡೂಣು ಅಂತ. ನೀ ಹೋಗು, ನನಗ ಕೆಲಸ ಐತಿ ಅಂದ.” ಅಂದಿನ ಅಯ್ಯನವರಿಗೆ ಈ ಮಾತು ಬಂಗಾರವಾಗಿ ಕಂಡಿತು. ಕರೆದವನು ಬದುಕಿದ, ಒಲ್ಲೆನೆಂದವನು ಸತ್ತ. ಬಂಡೆ ಮತ್ತು ಮರಳಿನ ಸಾಮ್ಯಕ್ಕೆ ನಮ್ಮ ಓಣಿಯಲ್ಲೇ ಉದಾಹರಣೆ ಸಿಕ್ಕಿತು. ಪ್ರಸಂಗದ ಮೇಲೆ ಪ್ರಸಂಗ.

ಈ ಮಾತು ಮೊದಲ ಸಲವೇ ಇತ್ತೇ? ಇರಲಿಲ್ಲ ಎಂದು ನನ್ನ ನೆನಪು. ಅಪ್ಪನಿಗೆ ಇಲ್ಲದ ಅಂಗಿ ತೊಡಿಸಿದ ನೆನಪು ಅದು, ಅದರ ಮಾತನ್ನು ಎಷ್ಟು ನಂಬಲಿ?

ದಾವಿದಪ್ಪ ಕಾಕಾನ ಹೆಂಡತಿ ಮಾರ್ತಮ್ಮ ಚಿಗವ್ವ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಗಂಡ ದೇವರ ಕರೆಗೆ ಒಲ್ಲೆನೆಂದು ಸತ್ತ ಎಂಬುದನ್ನು ವರ್ಷವರ್ಷವೂ, ಬೇರೆಯವರು ಬೆಚ್ಚಗೆ ಮಾಡಿಟ್ಟ ಬೆಂಚಿನ ಮೇಲೆ ಕೂತು. ಸಭೆ ಬಿಡಲಿಲ್ಲ. ಬಿಟ್ಟಿದ್ದರೆ ಗಂಡನ ಜಾಡಿನಲ್ಲೇ ಹೋದಳು ಅನ್ನುತ್ತಿದ್ದರು. ನಾವು ಪ್ರೀತಿಯ ಸಮುದಾಯ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಸಾಕ್ಷಿಯ ಮೇಲೆ ಅಪ್ಪ ಕಟ್ಟಿದ ಬಾಳು ಗಟ್ಟಿಯಾಗಿತ್ತು. ಸೇಂದಿ ಬಿಟ್ಟ. ಅವ್ವನ ಮೇಲೆ ಕೈ ಎತ್ತುವುದನ್ನು ಬಿಟ್ಟ. ಬೆಳಗಾಗೆದ್ದು ಚಾಪೆಯ ಮೇಲೆ ಮೊಣಕಾಲೂರಿ ಊರವರ ಹೆಸರನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದ. ಮಳೆಗಾಲಕ್ಕೆ ಮುಂಚೆ ಮಾರ್ತಮ್ಮ ಚಿಗವ್ವನ ಮನೆಯ ತಗಡು ಹತ್ತಿ ಸೋರುವಲ್ಲಿ ಡಾಂಬರು ಬಳಿದು ಬರುತ್ತಿದ್ದ. ಕ್ರೈಸ್ತ ಬಾಳು ಎಂದು ಯಾವುದನ್ನು ಕರೆಯುತ್ತಾರೋ ಅದನ್ನು ನಾನು ನೋಡಿದ್ದು ಅವನಲ್ಲೇ. ಅಡಿಯಲ್ಲಿ ಮರಳಿದ್ದೂ ಮನೆ ಬೀಳದಿದ್ದರೆ ಏನೆನ್ನಬೇಕು? ಸಾಮ್ಯದಲ್ಲಿ ಅದಕ್ಕೆ ಉತ್ತರವಿಲ್ಲ. ಅಥವಾ ಅಡಿಯಲ್ಲಿದ್ದದ್ದು ಮರಳೂ ಅಲ್ಲ, ಬಂಡೆಯೂ ಅಲ್ಲ, ದಾವಿದಪ್ಪ ಕಾಕಾ. ಕೋಟೆ ನಿಲ್ಲಲೆಂದು ಮನುಷ್ಯರನ್ನು ಅಡಿಗೆ ಹಾಕುತ್ತಿದ್ದರಂತೆ ಎಂಬ ಕಥೆಗಳನ್ನು ಕೇಳಿ ನಾವು ಅಜ್ಞಾನಿಗಳ ಕಾಲ ಅನ್ನುತ್ತೇವೆ.

ಒಮ್ಮೆ ಅಪ್ಪನನ್ನೇ ಕೇಳಿದೆ, ಮನೆಯಲ್ಲಿ, ಊಟಕ್ಕೆ ಕೂತಾಗ. “ಅಪ್ಪಾ, ಆವತ್ತು ಖರೇ ಏನಾತು?” ರೊಟ್ಟಿಯನ್ನು ತಟ್ಟೆಯಲ್ಲಿಟ್ಟ. ಆಮೇಲೆ ಸಭೆಯ ಧ್ವನಿಯಲ್ಲಿ ಶುರು ಮಾಡಿದ. ಒಳಗಿಂದ ಒಂದು ಧ್ವನಿ ಬಂತು, ನಾ ಇಳದೆ. ಅದೇ ಮಾತು, ಅದೇ ಉಸಿರು. ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ಇಲ್ಲದ ಸಭೆಯ ಬೆಂಚುಗಳನ್ನು ನೋಡುತ್ತಿದ್ದ. ಸಾಕ್ಷಿ ಆ ಬೆಳಗನ್ನು ತಿಂದು ಮುಗಿಸಿತ್ತು.

ಅಪ್ಪ ತೀರಿಕೊಂಡ ಮೇಲೆ ಸಭೆ ಸ್ವಂತ ದೇವಾಲಯ ಕಟ್ಟಲು ಹೊರಟಿತು. ಊರಾಚೆ ಜಾಗ ನೋಡಿದರು. ಮಣ್ಣಿನ ಜಾಗವೂ ಸಿಗುತ್ತಿತ್ತು. ಹಿರಿಯರು ಹಟ ಹಿಡಿದು ಬಂಡೆಯ ಜಾಗವನ್ನೇ ಆರಿಸಿದರು. ದೇವರ ಮನೆ ಬಂಡೆಯ ಮೇಲೇ ಇರಲಿ ಎಂದು ಉಪವಾಸ ಪ್ರಾರ್ಥನೆ ಮಾಡಿ ಜಾಗ ಕೊಂಡರು. ಆಮೇಲೆ ಇಂಜಿನಿಯರು ಬಂದು ಬಂಡೆಯನ್ನು ಬೂಟಿನಿಂದ ಒದ್ದು ನೋಡಿ ನಕ್ಕ. ಅದು ನೆಲಕ್ಕೆ ಬೇರೂರಿದ ಬಂಡೆಯಲ್ಲ, ಬಿಡಿ ಗುಂಡುಕಲ್ಲು. ಎಂದೋ ಗರಸಿನಂಥ ಮೊರಂ ಮಣ್ಣಿನ ಮೇಲೆ ಬಂದು ಕೂತದ್ದು. ಅದನ್ನು ಒಡೆದು ತೆಗೆದು, ಅಡಿಯ ಮಣ್ಣಿನಲ್ಲಿ ಆಳಕ್ಕೆ ಅಗೆದು ಅಸ್ತಿವಾರ ಹಾಕಬೇಕು ಎಂದ. ಕಟ್ಟಡ ಕೆಲಸದಲ್ಲೇ ಬಾಳು ಸವೆಸಿದವರ ಸಭೆ ನಮ್ಮದು. ಆ ಕಲ್ಲು ನೋಡಿದಾಗ ಅವರಲ್ಲೊಬ್ಬರಿಗೂ ಸೋಮವಾರದ ಬುದ್ಧಿ ನೆನಪಾಗಲಿಲ್ಲ.

ಗುಂಡು ಒಡೆದದ್ದಾಯಿತು. ಈಗಿನ ಅಯ್ಯನವರು, ಚಿಕ್ಕ ವಯಸ್ಸಿನವರು, ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿಗೆ ಬಂದರು.

“ಅಕ್ಕಾರ, ಅಸ್ತಿವಾರದ ದಿನ ನಿಮ್ಮಪ್ಪಾರ ಸಾಕ್ಷಿ ನೀವ ಹೇಳಬೇಕ್ರಿ.”

“ನಾ ಸಭೆಗೆ ಬರೂದ ಅಪರೂಪ ಅಲ್ರಿ?”

“ಆದ್ರೇನಾತ್ರಿ. ನೀವು ಲೇಖಕರು, ಚೆಂದ ಹೇಳ್ತೀರಿ. ನೀವು ಹೇಳಿದ್ದನ್ನ ರೆಕಾರ್ಡ್ ಮಾಡ್ಕೋತೀವಿ. ಇನ್ಮ್ಯಾಲೆ ವರ್ಷಾ ವರ್ಷಾ ಅಸ್ತಿವಾರದ ದಿನ ಅದನ್ನ ಕೇಳ್ಸೂದು.”

ಚಹಾ ಕುಡಿದು ಹೋದರು. ಅಂದರೆ ಅಂದು ನನ್ನ ಬಾಯಿಂದ ಬಂದದ್ದೇ ಕಾಯಂ. ದಾವಿದಪ್ಪ ಕಾಕಾ ಒಲ್ಲೆನೆಂದನೋ ಇಲ್ಲವೋ ಎಂಬುದು ನನ್ನ ನಾಲಿಗೆಯ ಮೇಲೆ ತೀರ್ಮಾನವಾಗಬೇಕು. ಚೆಂದ ಹೇಳುವವರ ಮೇಲೆ ಜನ ಇಡುವ ನಂಬಿಕೆ ನೋಡಿದರೆ ಭಯವಾಗುತ್ತದೆ.

ಮಾರ್ತಮ್ಮ ಚಿಗವ್ವನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಬಾಗಿಲಲ್ಲಿ ಕೂತು ಮೆಂತೆ ಸೋಸುತ್ತಿದ್ದಳು.

“ಬಾ. ನೀ ಹೇಳಾಕಿ ಅಂತಲ್ಲ?”

“ಹೇಳೂದೋ ಬ್ಯಾಡೋ ಅಂತ ಕೇಳಾಕ ಬಂದೀನಿ ಚಿಗವ್ವ.”

“ನಾ ಬ್ಯಾಡ ಅಂದ್ರ ಇನ್ನೊಬ್ಬ ಹೇಳ್ತಾನ. ನಿಮ್ಮಪ್ಪ ಹೋದ, ಆ ಮಾತು ಹೋಗಲಿಲ್ಲ ನೋಡು.” ಮೆಂತೆಯ ಕಡ್ಡಿ ಮುರಿದು ಎಸೆದಳು. “ಊಟಕ್ಕ ಕರದ್ರ ನನ್ನ ಗಂಡ ಎಂದೂ ಒಲ್ಲೆ ಅಂದವ ಅಲ್ಲ. ಪ್ರಾರ್ಥನಾಕ್ಕ ಕರದಿದ್ರ ಏನಂತಿದ್ನೋ. ಅದಿರಲಿ, ಖರೇ ಕರದಿದ್ನೇನು ನಿಮ್ಮಪ್ಪ?”

“ಆ ಮಾತು ತಗದಬಿಡ್ತೀನಿ. ಅಪ್ಪ ಕರದಿಲ್ಲ ಅಂತ ಹೇಳ್ತೀನಿ.”

ಚಿಗವ್ವ ಮೆಂತೆಯ ಸೂಡು ಪಕ್ಕಕ್ಕಿಟ್ಟಳು. “ನೀ ಅಲ್ಲಿದ್ದೇನು?”

“ಇಲ್ಲ.”

“ಮತ್ತ? ಅವ ಒಂದು ಕಟ್ಟಿದ, ನೀ ಇನ್ನೊಂದು ಕಟ್ಟಾಕಿ. ನನಗ ಕನಿಕರದ ಸುಳ್ಳು ಬ್ಯಾಡವಾ. ಭಕ್ತಿದು ಸಾಕಾಗೈತಿ.”

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಬಾಲ್ಕನಿಯಿಂದ ಮೆಟ್ರೊ ರೈಲು ನೋಡುವುದು ಅವಳ ಕೆಲಸ. ಅಪ್ಪ ಆವತ್ತು ಎಲ್ಲಿಗೆ ಹೋಗಿದ್ದ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಾಳೆ. ನೀರು ಕುಡಿಯಲು, ಬೀಡಿ ತರಲು, ಸೇಂದಿ ಅಂಗಡಿಗೆ. ಈ ಸಲ ಯಾವುದನ್ನೂ ಹೇಳಲಿಲ್ಲ. “ಎಲ್ಲಿಗಿ ಹೋಗಿದ್ನೋ ಯಾರಿಗ್ಗೊತ್ತು. ತಿರುಗಿ ಬಂದ್ನಲ್ಲ, ನಾ ಕೇಳಲಿಲ್ಲ.” ಒಂದು ರೈಲು ದಾಟಿಹೋದ ಮೇಲೆ ಸೇರಿಸಿದಳು: “ಮಾರ್ತಿ ಮುಂದ ನನಗ ಬದುಕಿರೂದಕ್ಕೂ ನಾಚಿಕಿ ಆಗ್ತಿತ್ತು. ಇನ್ನು ಕೇಳೂದೆಲ್ಲಿ.”

ನೀರು ಕುಡಿಯಲು ಇಳಿದಿದ್ದರೆ ಅದು ಸಾಮಾನ್ಯ ದಾಹ, ಅದರ ಮೇಲೆ ಯಾರೂ ವಿಶ್ವಾಸದ ಮನೆ ಕಟ್ಟಲಾರರು. ಸೇಂದಿಗೆ ಹೋಗಿದ್ದರೆ, ಇಬ್ಬರು ಹಿಡಿಯಬೇಕಾದ ಮಷಿನ್ನನ್ನು ಒಬ್ಬನ ಕೈಗೆ ಬಿಟ್ಟು ಹೋದಂತೆ. ಆಗ ಒಂದು ಧ್ವನಿ ಬೇಕಾಗುತ್ತದೆ, ಕರೆದದ್ದು ಬೇಕಾಗುತ್ತದೆ, ಕಡೆಗೆ ಸತ್ತವನು ಒಲ್ಲೆನೆಂದದ್ದೂ ಬೇಕಾಗುತ್ತದೆ. ಈ ತರ್ಕ ಎಷ್ಟು ಚೊಕ್ಕವಾಗಿದೆ ನೋಡಿ. ಚೊಕ್ಕವಾಗಿದೆ ಎಂಬುದಕ್ಕೇ ಇದರ ಮೇಲೂ ನನಗೆ ನಂಬಿಕೆ ಇಲ್ಲ. ಒಂದು ವೇಳೆ ನಿಜವಾಗಿಯೂ ಧ್ವನಿ ಬಂದಿದ್ದರೆ? ಅಪ್ಪ ನಿಜವಾಗಿಯೂ ಕಾಕಾನನ್ನು ಕರೆದಿದ್ದರೆ? ಆಗಲೂ ಚಿಗವ್ವನ ಪಾಲಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬನ ಕಿವಿಯಲ್ಲಿ ಮಾತ್ರ ಹೇಳಿ ಸುಮ್ಮನಾದ ದೇವರನ್ನು ಅವಳು ಏನೆಂದು ಕರೆಯಬೇಕು?

ಅಸ್ತಿವಾರದ ದಿನ ಬಿಸಿಲು ಜೋರಾಗಿತ್ತು. ಒಡೆದ ಗುಂಡಿನ ತುಂಡುಗಳು ಸುತ್ತ ಬಿದ್ದಿದ್ದವು, ಅವುಗಳ ಮೇಲೇ ಜನ ಕೂತಿದ್ದರು. ಅಯ್ಯನವರು ಮೈಕು ನನ್ನ ಕೈಗಿಟ್ಟು ಮೊಬೈಲ್ ಹಿಡಿದು ನಿಂತರು. ನಾನು ಚೆಂದ ಹೇಳಲಿಲ್ಲ.

“ಆವತ್ತು ಬಂಡೆ ಮ್ಯಾಲ ಇಬ್ಬರಿರಬೇಕಿತ್ತು. ಒಬ್ಬರಿದ್ರು. ಅವರ ಹೆಸರು ದಾವಿದಪ್ಪ. ಅವರು ಕೆಲಸ ಮಾಡಾಕತ್ತಿದ್ರು. ನಮ್ಮಪ್ಪ ಇಳದಿದ್ದ, ಬದುಕಿದ. ಯಾಕ ಇಳದಿದ್ದ, ಕರದಿದ್ನೋ ಇಲ್ಲೋ, ಅವರು ಏನಂದ್ರೋ, ನನಗ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಬದುಕಿದವ ಆಮ್ಯಾಲೆ ಚೊಲೋ ಬದುಕಿದ. ಅಷ್ಟು ನಾ ನೋಡೀನಿ.”

 ಎಲ್ಲಿ ಸ್ತೋತ್ರ ಅನ್ನಬೇಕೆಂದು ತಿಳಿಯದೆ ಸಭೆ ಕಾಯುತ್ತಿತ್ತು. ಅಯ್ಯನವರು ಮೊಬೈಲ್ ಇಳಿಸಿ ತಾವೇ “ಸ್ತೋತ್ರ” ಎಂದರು. ಅಲ್ಲೊಂದು ಇಲ್ಲೊಂದು ಧ್ವನಿ ಕೂಡಿತು.

ಆಮೇಲೆ ಒಬ್ಬೊಬ್ಬರೇ ಬಂದು ಕುಣಿಯಲ್ಲಿ ಒಂದೊಂದು ಕಲ್ಲು ಇಟ್ಟರು. ಮಾರ್ತಮ್ಮ ಚಿಗವ್ವ ಸೊಂಟ ಹಿಡಿದುಕೊಂಡು ಬಗ್ಗಿ ತನ್ನದನ್ನಿಟ್ಟಳು. ಏಳುವಾಗ ಕೈ ಕೊಟ್ಟೆ. ಹಿಡಿದುಕೊಂಡಳು. ನನ್ನ ಕಣ್ಣೀರನ್ನೋ, ಅವಳ ಕ್ಷಮೆಯನ್ನೋ ನಿರೀಕ್ಷಿಸುತ್ತಿದ್ದೀರಾದರೆ, ಅವಳು ಅಂದದ್ದು ಇಷ್ಟು:

“ಇಷ್ಟ ಹೇಳಾಕ ನಿಮ್ಮ ಮನಿಯವರಿಗಿ ಇಷ್ಟು ವರ್ಷ ಬೇಕಾತೇನ?”

ಕೈ ಬಿಡಿಸಿಕೊಂಡು ಹೋಗಿ ನೆರಳಲ್ಲಿ ಕೂತಳು.

ದೇವಾಲಯ ಈಗ ಕಿಟಕಿಯ ಮಟ್ಟಕ್ಕೆ ಎದ್ದಿದೆಯಂತೆ. ನನ್ನ ರೆಕಾರ್ಡನ್ನು ಮುಂದಿನ ವರ್ಷ ಕೇಳಿಸುತ್ತಾರೋ, ಅಳಿಸಿ ಇನ್ನೊಬ್ಬರಿಂದ ಹೇಳಿಸುತ್ತಾರೋ, ವಿಚಾರಿಸಿಲ್ಲ. ಅಡಿಯಲ್ಲಿ ಬಂಡೆಯಿಲ್ಲ, ಗಟ್ಟಿ ಮೊರಂ ಇದೆ, ನಿಲ್ಲುತ್ತದೆ ಎಂದು ಇಂಜಿನಿಯರು ಹೇಳಿದ್ದಾನೆ. ಅವನ ಮಾತನ್ನು ನಂಬಿದ್ದೇನೆ. ಅಪ್ಪ ಆ ಬೆಳಿಗ್ಗೆ ಬಂಡೆಯಿಂದ ಯಾಕೆ ಇಳಿದ ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಕೊನೆಕೊನೆಗೆ ಅವನಿಗಾದರೂ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.